ಬೆಳಗ್ಗೆ ಒತ್ತಿ, ಮಧ್ಯಾಹ್ನ ಕರಗಿಸಿ

ಕೆಲವು ಮದುವೆ ಕಾಗದಗಳಲ್ಲಿ ವಧು-ವರರ ಹೆಸರು ಉಬ್ಬಿಕೊಂಡು ಹೊಳೆಯುತ್ತಿರುತ್ತದೆ, ಅಲ್ವಾ? ಹಸಿ ಶಾಯಿಯ ಮೇಲೆ ರಾಳದ ಪುಡಿ ಉದುರಿಸಿ, ಬಿಸಿಗೆ ಕರಗಿಸಿದರೆ ಹಾಗಾಗುತ್ತದೆ. ಹೊಸ ವರ್ಷಕ್ಕೋ ಸಂಕ್ರಾಂತಿಗೋ ಮನೆಯಲ್ಲೇ ಶುಭಾಶಯದ ಕಾರ್ಡ್ ಮಾಡುವವರೂ ಇದೇ ದಾರಿ ಹಿಡಿಯಬಹುದು. ಆದರೆ ಮಲೆನಾಡಿನಲ್ಲಿ ಗಂಟೆ ನೋಡಿಕೊಂಡು ಕೆಲಸಕ್ಕೆ ಕೂರುವುದು ಒಳ್ಳೆಯದು.

ಕಾಗದ ಕೈಗೆ ಒಣಗಿದಂತೆ ಅನಿಸಿದರೂ ಅದರೊಳಗೆ ನೀರಿರುತ್ತದೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆ ಬಳಸುತ್ತಿದ್ದ ಬಿದಿರಿನ ನಾರಿರಲಿ, ನೀಲಗಿರಿಯ ನಾರಿರಲಿ, ಎಲ್ಲವೂ ಮುಖ್ಯವಾಗಿ ಸೆಲ್ಯುಲೋಸೇ, ಅಂದರೆ ಗಿಡಮರಗಳ ನಾರಿನ ಮೂಲವಸ್ತು. ಅದರ ಅಣುವಿನ ಉದ್ದಕ್ಕೂ ಇರುವ ಹೈಡ್ರಾಕ್ಸಿಲ್ ಗುಂಪುಗಳು ಗಾಳಿಯಲ್ಲಿನ ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಾಳಿಯ ಸಾಪೇಕ್ಷ ತೇವ (ಗಾಳಿ ಹೊರಬಲ್ಲ ಆವಿಯಲ್ಲಿ ಈಗಿರುವ ಪಾಲು) ಶೇ. 50 ಇದ್ದಾಗ 100 ಗ್ರಾಂ ಕಾಗದದಲ್ಲಿ ಸುಮಾರು 6ರಿಂದ 8 ಗ್ರಾಂ ನೀರಿರುತ್ತದೆ. ತೇವ ಶೇ. 90 ಮುಟ್ಟಿದರೆ ಅದು 10 ಗ್ರಾಂ ದಾಟುತ್ತದೆ.

ತೀರ್ಥಹಳ್ಳಿ, ಹೊಸನಗರದ ಕಡೆ ಚಳಿಗಾಲದ ಬೆಳಗ್ಗೆ ಮಂಜು ಮುಸುಕಿರುತ್ತದೆ. ತಣ್ಣನೆ ಗಾಳಿಗೆ ಜಾಸ್ತಿ ಆವಿ ಹೊರುವ ಶಕ್ತಿ ಇಲ್ಲ. ಹಾಗಾಗಿ ಇರುವಷ್ಟು ಆವಿಗೇ ಅದು ತುಂಬಿಹೋಗುತ್ತದೆ. ಬಿಸಿಲೇರಿದಂತೆ ಅದೇ ಗಾಳಿ ಒಣಗಾಳಿಯಾಗುತ್ತದೆ, ಕಾಗದವೂ ನೀರು ಬಿಟ್ಟುಕೊಡುತ್ತದೆ.

ಬೆಳಗಿನ ಆ ಕಾಗದಕ್ಕೆ ಹೀಟ್ ಗನ್ (ತುಂಬ ಬಿಸಿ ಗಾಳಿ ಊದುವ ಉಪಕರಣ) ಹಿಡಿದು ನೋಡಿ. ಒಳಗಿನ ನೀರು ಆವಿಯಾಗಿ, ಕರಗಿದ ರಾಳವನ್ನು ತೂರಿಕೊಂಡು ಹೊರಬರುತ್ತದೆ. ಹೊಳೆಯಬೇಕಾದ ಗೆರೆಯ ತುಂಬ ಸಣ್ಣ ತೂತುಗಳು! ಬಿಸಿ ತಾಗಿದ ಮೈ ಮೊದಲು ಒಣಗಿ ಕುಗ್ಗುವುದರಿಂದ ಕಾರ್ಡ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಮಧ್ಯಾಹ್ನ ಈ ಕಾಟ ಕಡಿಮೆ, ಬೇರೆ ಕಾಟ ಶುರು. ಒಣಗಾಳಿಯಲ್ಲಿ ಸ್ಥಾಯೀ ವಿದ್ಯುತ್ತು ಬೇಗ ಹರಿದುಹೋಗುವುದಿಲ್ಲ, ಪುಡಿ ಬೇಡದ ಕಡೆಯೆಲ್ಲ ಅಂಟುತ್ತದೆ. ಟಾಲ್ಕಂ ಪೌಡರ್ ಕಟ್ಟಿದ ಬಟ್ಟೆಯ ಗಂಟಿನಿಂದ ಕಾಗದವನ್ನು ಮೊದಲೇ ಮೆಲ್ಲಗೆ ತಟ್ಟಿಕೊಂಡರೆ ಸಾಕು.

ಶಾಯಿಯೂ ಎಲ್ಲ ನಡೆಯುವುದಿಲ್ಲ. ಪೆನ್ನಿನ ಶಾಯಿ ಕಾಗದದೊಳಕ್ಕೆ ಇಳಿದು ಬೇಗ ಒಣಗುತ್ತದೆ, ಪುಡಿ ನಿಲ್ಲುವುದಿಲ್ಲ. ಸಣ್ಣ ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿ ಮೇಲ್ಮೈಯಲ್ಲೇ ಕೂರುತ್ತದೆ. ಅದಕ್ಕೆ ಗ್ಲಿಸರಿನ್‌ನಂಥದ್ದು ಬೆರೆಸಿರುತ್ತಾರೆ. ಗ್ಲಿಸರಿನ್‌ಗೂ ಗಾಳಿಯ ನೀರು ಎಳೆಯುವ ಚಾಳಿ ಇದೆ, ಹಾಗಾಗಿ ಹಸಿತನ ಸ್ವಲ್ಪ ಹೊತ್ತು ಉಳಿಯುತ್ತದೆ.

ಮಂಜಿನ ಬೆಳಗು ಸುಮ್ನೆ ದಂಡ ಅಂದುಕೊಳ್ಳಬೇಡಿ. ಶಾಯಿಯಿಲ್ಲದೆ, ಸ್ಟೆನ್ಸಿಲ್ (ಚಿತ್ರ ಕತ್ತರಿಸಿದ ಅಚ್ಚು) ಮೇಲೆ ಕಾಗದವಿಟ್ಟು ಹಿಂದಿನಿಂದ ಗುಂಡುತುದಿಯ ಕಡ್ಡಿಯಲ್ಲಿ ಒತ್ತಿ ಚಿತ್ರ ಉಬ್ಬಿಸುವ ವಿಧಾನವೊಂದಿದೆ. ಅದಕ್ಕೆ ತೇವವೇ ಬೇಕು. ನಾರುಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ನೀರು ಸಡಿಲಿಸುತ್ತದೆ. ನಾರುಗಳು ಜರುಗಿ ಹೊಸ ಆಕಾರಕ್ಕೆ ಬರುತ್ತವೆ. ಒಣಗಿದಾಗ ಬಂಧ ಮತ್ತೆ ಬಿಗಿದು ಆಕಾರ ಅಲ್ಲೇ ನಿಲ್ಲುತ್ತದೆ. ಪೂರಾ ಒಣಗಿದ ಕಾಗದವನ್ನು ಹೀಗೆ ಒತ್ತಿದರೆ ಅಂಚಿನಲ್ಲಿ ಬಿರುಕು ಬಿಡಬಹುದು. ನನ್ನ ಕೇಳಿದರೆ, ಅಡಿಕೆ ಗೊನೆಯ ಚಿತ್ರಕ್ಕೆ ಹೊಳೆಯುವ ರಾಳಕ್ಕಿಂತ ಈ ಬಿಳಿ ಉಬ್ಬೇ ಚೆಂದ.

ರಾಳದ ಕೆಲಸಕ್ಕೆ ಹೇರ್ ಡ್ರೈಯರ್ ತರಬೇಡಿ. ಬಿಸಿ ಸಾಲದು, ಗಾಳಿಗೆ ಪುಡಿ ಹಾರುತ್ತದೆ. ಹೀಟ್ ಗನ್ ಆದರೂ ಪುಡಿ ಕರಗಿ ಹೊಳಪು ಬಂದ ಕ್ಷಣಕ್ಕೇ ಸರಿಸಿಬಿಡಿ. ಇನ್ನೂ ಹಿಡಿದರೆ ರಾಳ ನೀರಾಗಿ ಕಾಗದಕ್ಕೆ ಇಂಗುತ್ತದೆ, ಉಬ್ಬು ಹೋಗಿ ಎಣ್ಣೆ ಕಲೆಯಂಥದ್ದು ಉಳಿಯುತ್ತದೆ.