ತೋರಿಸುವ ಮೊದಲು ಕೇಳಿ: ಉಚಿತ ಆನ್‌ಲೈನ್ ಸಾಮಗ್ರಿ ಬಳಸಿ ವಿಜ್ಞಾನ ಪಾಠ

ಒಂದು ಸೆಲ್, ಎರಡು ಬಲ್ಬ್, ಸ್ವಲ್ಪ ವೈರ್. ಬಲ್ಬ್‌ಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದ್ದೇವೆ. ಮೊದಲ ಬಲ್ಬ್ ದಾಟಿದ ಮೇಲೆ ವಿದ್ಯುತ್ ಪ್ರವಾಹ ಕಡಿಮೆ ಆಗುತ್ತದೆಯೇ?

ತರಗತಿಯಲ್ಲಿ ಇದನ್ನು ಕೇಳಿ ನೋಡಿ. ‘ಹೌದು, ಮೊದಲ ಬಲ್ಬೇ ಸ್ವಲ್ಪ ತಿಂದುಬಿಡುತ್ತದೆ’ ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ದೊಡ್ಡವರಲ್ಲೂ ಇದ್ದಾರೆ. ಅಭ್ಯಾಸ ಪಾಠಕ್ಕೆ ಹೋದಾಗ ನಾನು ಈ ವಿಷಯಕ್ಕೆ ಒಂದು ಒಳ್ಳೆಯ ವಿಡಿಯೋ ಹುಡುಕಿ ಹಾಕಿದ್ದೆ. ಚಿತ್ರ ಚೆನ್ನಾಗಿತ್ತು, ವಿವರಣೆ ಸರಿಯಾಗಿತ್ತು. ‘ಅರ್ಥ ಆಯ್ತಾ?’ ಎಂದರೆ ಎಲ್ಲರೂ ತಲೆ ಆಡಿಸಿದರು. ಮರುದಿನ ಇದೇ ಪ್ರಶ್ನೆ ಕೇಳಿದೆ. ಉತ್ತರ ಅದೇ: ಮೊದಲ ಬಲ್ಬ್ ತಿಂದುಬಿಡುತ್ತದೆ.

ವಿಡಿಯೋದಲ್ಲಿ ತಪ್ಪೇನೂ ಇರಲಿಲ್ಲ. ಹಾಗಾದರೆ ಮಕ್ಕಳ ತಲೆಗೆ ಯಾಕೆ ಇಳಿಯಲಿಲ್ಲ? ಈ ಟಿಪ್ಪಣಿ ಬರೆಯಲು ಕೂತಿದ್ದೇ ಆ ಪ್ರಶ್ನೆಯಿಂದ. ವಿಜ್ಞಾನ ಪಾಠಕ್ಕೆ ಬೇಕಾದ ಉಚಿತ ಸಾಮಗ್ರಿ ಈಗ ರಾಶಿ ಇದೆ. ಅದನ್ನು ಮಕ್ಕಳ ಮುಂದೆ ಯಾವ ಹೊತ್ತಿಗೆ, ಏನು ಕೇಳಿದ ಮೇಲೆ ಇಡಬೇಕು ಎನ್ನುವುದರ ಬಗ್ಗೆ ನಾವು ಮಾತಾಡುವುದು ಕಡಿಮೆ.

ಮೊದಲು ಊಹೆ, ಆಮೇಲೆ ನೋಟ

ಡೆರೆಕ್ ಮುಲ್ಲರ್ ಎಂಬುವರು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡಿದರು. ಅದು ಮುಗಿದದ್ದು 2008ರಲ್ಲಿ. ಅವರು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಎರಡು ಬಗೆಯ ವಿಡಿಯೋ ತೋರಿಸಿದರು. ಒಂದರಲ್ಲಿ ನೇರವಾದ, ಅಚ್ಚುಕಟ್ಟಾದ ವಿವರಣೆ. ಇನ್ನೊಂದರಲ್ಲಿ ಇಬ್ಬರ ಮಾತುಕತೆ. ಜನರಲ್ಲಿ ಸಾಮಾನ್ಯವಾಗಿ ಇರುವ ತಪ್ಪು ಕಲ್ಪನೆಯನ್ನು ಒಬ್ಬರು ಹೇಳುತ್ತಾರೆ, ಅದು ಯಾಕೆ ಸರಿಹೋಗದು ಎಂದು ಇಬ್ಬರೂ ಚರ್ಚೆ ಮಾಡುತ್ತಾರೆ. ನೇರ ವಿವರಣೆ ನೋಡಿದವರು ‘ಸ್ಪಷ್ಟವಾಗಿದೆ, ಸುಲಭವಾಗಿದೆ’ ಎಂದರು. ಆದರೆ ಪರೀಕ್ಷೆಯಲ್ಲಿ ಹೆಚ್ಚು ಮುಂದೆ ಹೋದವರು ಎರಡನೇ ಗುಂಪಿನವರು. ಅವರಿಗೆ ಆ ವಿಡಿಯೋ ಗೊಂದಲ ಅನ್ನಿಸಿತ್ತು. ತಲೆ ಜಾಸ್ತಿ ಓಡಿಸಬೇಕಾಗಿತ್ತು.

ಯಾಕೆ ಹೀಗೆ? ಸ್ಪಷ್ಟ ವಿವರಣೆ ಕೇಳುವಾಗ ‘ಇದು ನನಗೆ ಗೊತ್ತಿರುವುದೇ’ ಅನ್ನಿಸುತ್ತದೆ. ತನ್ನ ತಲೆಯಲ್ಲಿ ಇರುವುದಕ್ಕೂ ಪರದೆಯ ಮೇಲೆ ಬರುತ್ತಿರುವುದಕ್ಕೂ ವ್ಯತ್ಯಾಸ ಇದೆ ಎಂದೇ ಮಗುವಿಗೆ ಕಾಣುವುದಿಲ್ಲ. ಹಳೆಯ ಕಲ್ಪನೆ ಇದ್ದ ಹಾಗೇ ಇರುತ್ತದೆ. ಮೊದಲೇ ಊಹೆಯನ್ನು ಬರೆಸಿದ್ದರೆ ಆ ವ್ಯತ್ಯಾಸ ಅದರ ಕಣ್ಣ ಮುಂದೆಯೇ ಇರುತ್ತದೆ. ಬರೆಸುವುದು ಮುಖ್ಯ, ಬಾಯಲ್ಲಿ ಹೇಳಿಸಿದರೆ ಸಾಲದು. ಬಾಯಲ್ಲಿ ಹೇಳಿದ್ದನ್ನು ಉತ್ತರ ಕಂಡ ಕೂಡಲೇ ಮರೆತುಬಿಡುತ್ತೇವೆ, ಅಲ್ವಾ?

ವಿದ್ಯುತ್ ಮಂಡಲ

ಈಗ ಬಲ್ಬಿಗೆ ವಾಪಸ್ ಬರೋಣ. ಇದಕ್ಕೆ ನಾನು ಬಳಸುವುದು ಫೆಟ್ ಸಿಮ್ಯುಲೇಶನ್‌ಗಳನ್ನು, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳನ್ನು. ಅಮೆರಿಕದ ಕೊಲೊರಾಡೋ ಬೋಲ್ಡರ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಯೋಜನೆ ಇದು. ಶುರು ಮಾಡಿದವರು ಕಾರ್ಲ್ ವೀಮನ್. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಬ್ರೌಸರ್ ಇದ್ದರೆ ಸಾಕು, ಖಾತೆ ತೆರೆಯದೆಯೇ ಬಳಸಬಹುದು.

ವಿದ್ಯುತ್ ಮಂಡಲ ಕಟ್ಟುವ ಸಿಮ್ಯುಲೇಶನ್‌ನಲ್ಲಿ ವೈರ್ ಒಳಗೆ ಎಲೆಕ್ಟ್ರಾನ್‌ಗಳು ನೀಲಿ ಗುಂಡುಗಳಂತೆ ಸಾಗುವುದು ಕಾಣುತ್ತದೆ. ಮಕ್ಕಳು ಊಹೆ ಬರೆದ ಮೇಲೆ ಎರಡು ಬಲ್ಬ್ ಜೋಡಿಸಿ, ಅವುಗಳ ಹಿಂದೆ, ಮುಂದೆ, ನಡುವೆ ಪ್ರವಾಹ ಅಳೆಯುವ ಅಮ್ಮೀಟರ್ ಇಡಲು ಹೇಳಿ. ಮೂರೂ ಕಡೆ ಒಂದೇ ಅಂಕಿ. ಗುಂಡುಗಳು ಎಲ್ಲೂ ಖಾಲಿಯಾಗುವುದಿಲ್ಲ. ಇಲ್ಲಿ ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನಕ್ಕೆ ಸಮಯ ಕೊಡಿ, ತಕ್ಷಣ ವಿವರಿಸಲು ಹೋಗಬೇಡಿ. ‘ಹಾಗಾದರೆ ಬಲ್ಬ್ ಏನನ್ನು ತೆಗೆದುಕೊಳ್ಳುತ್ತಿದೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರವಾಹ ಬೇರೆ, ಶಕ್ತಿ ಬೇರೆ ಎಂಬ ಮಾತಿಗೆ ಆಗ ದಾರಿ ತೆರೆಯುತ್ತದೆ.

ಆದರೆ ಈ ಚಿತ್ರವೇ ಹೊಸ ತಪ್ಪು ಕಲ್ಪನೆಗಳನ್ನೂ ತರಬಹುದು. ಪರದೆಯಲ್ಲಿ ಗುಂಡುಗಳು ಚುರುಕಾಗಿ ಓಡುತ್ತವೆ. ನಿಜವಾದ ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನ್‌ಗಳು ಸರಾಸರಿ ಮುಂದೆ ಸರಿಯುವುದು ಸಾಮಾನ್ಯವಾಗಿ ಸೆಕೆಂಡಿಗೆ 1 ಮಿಲಿಮೀಟರ್‌ಗಿಂತ ಕಡಿಮೆ. ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಹೊತ್ತುವುದು ತಂತಿಯ ತುಂಬ ಮೊದಲೇ ಎಲೆಕ್ಟ್ರಾನ್‌ಗಳು ಇರುವುದರಿಂದ. ಸೈಕಲ್ ಚೈನಿನ ಹಾಗೆ: ಪೆಡಲ್ ತುಳಿದರೆ ಇಡೀ ಚೈನ್ ಒಟ್ಟಿಗೆ ಸರಿಯುತ್ತದೆ. ಇನ್ನೊಂದು ವಿಷಯ. ಸಿಮ್ಯುಲೇಶನ್‌ನ ಸೆಲ್‌ಗೆ ನಾವಾಗಿ ಕೊಡದಿದ್ದರೆ ಆಂತರಿಕ ರೋಧ, ಅಂದರೆ ಸೆಲ್‌ನ ಒಳಗೇ ಪ್ರವಾಹಕ್ಕೆ ಆಗುವ ತಡೆ, ಇರುವುದಿಲ್ಲ. ಸಮಾಂತರವಾಗಿ ಇನ್ನೊಂದು ಬಲ್ಬ್ ಸೇರಿಸಿದರೂ ಮೊದಲನೆಯದು ಅಷ್ಟೇ ಬೆಳಗುತ್ತದೆ. ಕೈಯಲ್ಲಿರುವ ಹಳೆಯ ಸೆಲ್‌ನಲ್ಲಿ ಮಾಡಿದರೆ ಎರಡೂ ಸ್ವಲ್ಪ ಮಂಕಾಗುತ್ತವೆ. ‘ಕಂಪ್ಯೂಟರ್ ಹೇಳಿದ್ದು ಸುಳ್ಳಾ?’ ಎಂಬ ಪ್ರಶ್ನೆ ಬಂದರೆ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದೇ ಅರ್ಥ. ಸಿಮ್ಯುಲೇಶನ್‌ನಲ್ಲೇ ಸೆಲ್‌ಗೆ ಆಂತರಿಕ ರೋಧ ಕೊಡುವ ಸೌಲಭ್ಯ ಇದೆ. ಅದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಯಾವಾಗ ನಮ್ಮ ಮೇಜಿನ ಮೇಲಿನ ಬಲ್ಬ್‌ನಂತೆ ಆಗುತ್ತದೆ ಎಂದು ಮಕ್ಕಳೇ ನೋಡಲಿ.

ಲೋಲಕ: ಪರದೆಯಲ್ಲೂ ದಾರದಲ್ಲೂ

ಲೋಲಕದ ಪಾಠವನ್ನು ಬರೀ ಪರದೆಯಲ್ಲಿ ಮುಗಿಸಿದರೆ ನಷ್ಟ ಜಾಸ್ತಿ. ದಾರದ ಉದ್ದ 1 ಮೀಟರ್ ಇದ್ದರೆ ಒಂದು ಪೂರ್ತಿ ಆಂದೋಲನಕ್ಕೆ ಹೆಚ್ಚು ಕಡಿಮೆ 2 ಸೆಕೆಂಡ್ ಬೇಕು. 25 ಸೆಂಟಿಮೀಟರ್ ಇದ್ದರೆ 1 ಸೆಕೆಂಡ್. ಉದ್ದ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟು. ಸಿಮ್ಯುಲೇಶನ್‌ನಲ್ಲಿ ಇದು ಪ್ರತಿ ಸಲವೂ ಅಚ್ಚುಕಟ್ಟಾಗಿ ಬರುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಫೋನಿನ ಸ್ಟಾಪ್‌ವಾಚ್‌ನಲ್ಲಿ ಅಳೆದರೆ ಒಬ್ಬರಿಗೆ 1.9, ಇನ್ನೊಬ್ಬರಿಗೆ 2.2.

ಈ ಏರುಪೇರು ಮಕ್ಕಳಿಗೆ ಸಿಗಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಟನ್ ಒತ್ತುವ ಬೆರಳು ತಡ ಮಾಡುತ್ತದೆ. ಹಾಗಾದರೆ ಒಂದು ಆಂದೋಲನದ ಬದಲು ಹತ್ತನ್ನು ಎಣಿಸಿ, ಬಂದ ಸಮಯವನ್ನು ಹತ್ತರಿಂದ ಭಾಗಿಸಿದರೆ? ಬೆರಳಿನ ತಪ್ಪೂ ಹತ್ತರಲ್ಲಿ ಒಂದು ಪಾಲಾಗುತ್ತದೆ. ಇದನ್ನು ಮಕ್ಕಳು ತಾವಾಗಿ ಕಂಡುಕೊಂಡಾಗ ಅವರ ಮುಖ ನೋಡಬೇಕು. ತಪ್ಪೇ ಇಲ್ಲದ ಪರದೆಯಲ್ಲಿ ಈ ಉಪಾಯ ಹುಟ್ಟುವುದಿಲ್ಲ.

ಪರದೆಗೂ ಅದರದ್ದೇ ಕೆಲಸ ಇದೆ. ಚಂದ್ರನ ಮೇಲೆ ಲೋಲಕ ಹೇಗೆ ಆಡುತ್ತದೆ ಎಂದು ದಾರದಲ್ಲಿ ತೋರಿಸಲು ಆಗದು. 90 ಡಿಗ್ರಿಯಿಂದ ಬಿಟ್ಟರೆ ಆಂದೋಲನದ ಅವಧಿ ಸುಮಾರು 18 ಶೇಕಡಾ ಹೆಚ್ಚುತ್ತದೆ ಎನ್ನುವುದನ್ನೂ ದಾರದಲ್ಲಿ ನೆಟ್ಟಗೆ ಅಳೆಯುವುದು ಕಷ್ಟ. ಪಠ್ಯದಲ್ಲಿ ‘ಸಣ್ಣ ಕೋನಕ್ಕೆ ಮಾತ್ರ’ ಎಂದು ಯಾಕೆ ಬರೆದಿರುತ್ತಾರೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಜೇಬಿನಲ್ಲಿರುವ ಪ್ರಯೋಗಶಾಲೆ

ಫೋನಿನೊಳಗೆ ಮೈಕ್ ಇದೆ, ವೇಗೋತ್ಕರ್ಷ ಅಳೆಯುವ ಸೆನ್ಸರ್ ಇದೆ, ಬಹಳ ಫೋನ್‌ಗಳಲ್ಲಿ ಕಾಂತಕ್ಷೇತ್ರ ಅಳೆಯುವುದೂ ಇದೆ. ಇವನ್ನೆಲ್ಲ ಪ್ರಯೋಗಕ್ಕೆ ಬಳಸಲು ಬಿಡುವ ಉಚಿತ ಆಪ್ ಫೈಫಾಕ್ಸ್. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಬಿಟ್ಟದ್ದು.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಶಬ್ದದ ವೇಗ ಅಳೆಯುವ ಪ್ರಯೋಗ. ಎರಡು ಫೋನ್‌ಗಳನ್ನು 5 ಮೀಟರ್ ದೂರದಲ್ಲಿ ಇಡಿ. ಎರಡರಲ್ಲೂ ಶಬ್ದ ಕೇಳಿದರೆ ಶುರುವಾಗುವ, ಮತ್ತೆ ಕೇಳಿದರೆ ನಿಲ್ಲುವ ಸ್ಟಾಪ್‌ವಾಚ್ ತೆರೆಯಿರಿ. ಮೊದಲ ಫೋನಿನ ಪಕ್ಕ ಒಬ್ಬರು ಚಪ್ಪಾಳೆ ತಟ್ಟಲಿ. ಅದು ತಕ್ಷಣ ಶುರುವಾಗುತ್ತದೆ. ಎರಡನೆಯದು ಶಬ್ದ ತಲುಪಿದ ಮೇಲೆ, ಸ್ವಲ್ಪ ತಡವಾಗಿ ಶುರುವಾಗುತ್ತದೆ. ಆಮೇಲೆ ಎರಡನೇ ಫೋನಿನ ಪಕ್ಕ ಇನ್ನೊಬ್ಬರು ತಟ್ಟಲಿ. ಈಗ ಅದು ಮೊದಲು ನಿಲ್ಲುತ್ತದೆ, ಮೊದಲನೆಯದು ತಡವಾಗಿ ನಿಲ್ಲುತ್ತದೆ. ಹೀಗೆ ಎರಡು ಸಲ ತಡ ಸೇರುವುದರಿಂದ, ಎರಡು ಫೋನ್‌ಗಳು ತೋರಿಸುವ ಸಮಯಗಳ ವ್ಯತ್ಯಾಸ ಎಂದರೆ ಶಬ್ದಕ್ಕೆ 10 ಮೀಟರ್ ಸಾಗಲು ಬೇಕಾದ ಸಮಯ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಹಾಗಾಗಿ ವ್ಯತ್ಯಾಸ 0.029 ಸೆಕೆಂಡ್‌ನ ಆಸುಪಾಸು ಬರಬೇಕು. ಎರಡು ಫೋನ್‌ಗಳ ಗಡಿಯಾರ ಹೊಂದಿಸುವ ಗೋಜೇ ಇಲ್ಲ. ಇದು ಎಷ್ಟು ಚಂದದ ಉಪಾಯ ಎಂದು ಅರ್ಥವಾಗಲು ನನಗೇ ಕಾಗದದ ಮೇಲೆ ಎರಡು ಗೆರೆ ಎಳೆದು ನೋಡಬೇಕಾಯಿತು. ಮಕ್ಕಳಿಂದಲೂ ಹಾಗೇ ಎಳೆಸಿ.

ಸುತ್ತಿಗೆ ಮತ್ತು ಗರಿ

ವಿಡಿಯೋ ಬೇಡ ಎಂದು ನಾನು ಹೇಳುತ್ತಿಲ್ಲ. 1971ರ ಆಗಸ್ಟ್ 2ರಂದು ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆ, ಒಂದು ಗಿಡುಗನ ಗರಿ ಎರಡನ್ನೂ ಒಟ್ಟಿಗೆ ಕೈಬಿಟ್ಟರು. ಆ ದೃಶ್ಯ ನಾಸಾದಿಂದ ಉಚಿತವಾಗಿ ಸಿಗುತ್ತದೆ. ಒಂದು ನಿಮಿಷವೂ ಬೇಡ. ಕೈಬಿಡುವ ಮುಂಚೆ ನಿಲ್ಲಿಸಿ, ಊಹೆ ಬರೆಸಿ, ಮುಂದುವರಿಸಿ. ಎರಡೂ ಒಟ್ಟಿಗೆ ನೆಲ ಮುಟ್ಟುತ್ತವೆ.

ಅಲ್ಲಿಗೇ ಬಿಡಬೇಡಿ. ಬಿದ್ದ ಎತ್ತರ ಸುಮಾರು 1.6 ಮೀಟರ್. ಚಂದ್ರನಲ್ಲಿ ಬೀಳಲು ಸುಮಾರು 1.4 ಸೆಕೆಂಡ್ ಬೇಕು, ಭೂಮಿಯಲ್ಲಾದರೆ 0.6 ಸೆಕೆಂಡೂ ಬೇಡ. ಮಕ್ಕಳು ವಿಡಿಯೋದಲ್ಲಿ ಸಮಯ ಅಳೆದು ಚಂದ್ರನ ಗುರುತ್ವ ವೇಗೋತ್ಕರ್ಷವನ್ನು ತಾವೇ ಲೆಕ್ಕ ಹಾಕಬಹುದು. ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ಆಯಿತು. 1.6ರ ಹತ್ತಿರ ಬರುತ್ತದೆ. ಇನ್ನೂ ಕರಾರುವಾಕ್ಕಾಗಿ ಮಾಡಬೇಕೆಂದರೆ ಟ್ರ್ಯಾಕರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ವಿಡಿಯೋದ ಒಂದೊಂದು ಚಿತ್ರದಲ್ಲೂ ವಸ್ತು ಎಲ್ಲಿದೆ ಎಂದು ಗುರುತು ಹಾಕುತ್ತಾ ಹೋದರೆ ಅದೇ ಗ್ರಾಫ್ ಬಿಡಿಸಿ ಕೊಡುತ್ತದೆ.

ನಂಬುವ ಮೊದಲು

ಸಿಕ್ಕ ಸಾಮಗ್ರಿ ಹಳೆಯದೋ ಎಂದು ನೋಡಲು ನನ್ನದು ಒಂದೆರಡು ಗುರುತು. ಪ್ಲಾಟಿನಂ-ಇರಿಡಿಯಂ ಲೋಹದ ಸಿಲಿಂಡರೇ ಈಗಲೂ ಕಿಲೋಗ್ರಾಂನ ಅಳತೆಗೋಲು ಎಂದಿದ್ದರೆ ಅದು ಹಳೆಯದು. 2019ರ ಮೇ 20ರಿಂದ ಕಿಲೋಗ್ರಾಂ ನಿಂತಿರುವುದು ಪ್ಲಾಂಕ್ ಸ್ಥಿರಾಂಕ ಎಂಬ, ಭೌತಶಾಸ್ತ್ರದ ಬದಲಾಗದ ಒಂದು ಅಂಕಿಯ ಮೇಲೆ. ಶನಿಗ್ರಹದ ಚಂದ್ರರ ಸಂಖ್ಯೆಯೂ ಹಾಗೇ. 2025ರ ಮಾರ್ಚ್‌ನಲ್ಲಿ ಒಮ್ಮೆಗೇ 128 ಹೊಸ ಚಂದ್ರರು ಪಟ್ಟಿಗೆ ಸೇರಿ ಒಟ್ಟು 274 ಆಯಿತು. ಹಳೆಯದು ಎಂದ ಮಾತ್ರಕ್ಕೆ ಬಿಸಾಡಬೇಕಿಲ್ಲ. ‘ಈ ವಿಡಿಯೋದಲ್ಲಿ ಯಾವ ಅಂಕಿ ಬದಲಾಗಿದೆ, ಹುಡುಕಿ’ ಎಂದು ಮಕ್ಕಳಿಗೇ ಕೊಡಿ.

ಇನ್ನು ಉಚಿತ ಎಂಬ ಮಾತು. ನೋಡಲು ದುಡ್ಡು ಬೇಡ ಎನ್ನುವುದು ಬೇರೆ, ಬದಲಾಯಿಸಿ ಹಂಚಲು ಅನುಮತಿ ಇದೆ ಎನ್ನುವುದು ಬೇರೆ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇದ್ದರೆ ಅಕ್ಷರಗಳನ್ನು ಓದಿ. ಬಿವೈ ಎಂದರೆ ಮಾಡಿದವರ ಹೆಸರು ಹೇಳಬೇಕು. ಎನ್‌ಸಿ ಎಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎಸ್‌ಎ ಎಂದರೆ ನೀವು ಬದಲಾಯಿಸಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ಎನ್‌ಡಿ ಇದ್ದರೆ ಬದಲಾಯಿಸಿದ್ದನ್ನು ಹಂಚುವಂತಿಲ್ಲ, ಅಂದರೆ ಅದರ ಚಿತ್ರಕ್ಕೆ ಕನ್ನಡ ಹೆಸರುಗಳನ್ನು ಸೇರಿಸಿ ಎಲ್ಲರಿಗೂ ಕಳಿಸಲು ಆಗದು. ನಮ್ಮ ಭಾಷೆಯಲ್ಲಿ ಕಲಿಸುವವರಿಗೆ ಇದು ಸಣ್ಣ ವಿಷಯವಲ್ಲ.

ನೆಟ್ ಇಲ್ಲದ ತರಗತಿಗೂ ದಾರಿ ಇದೆ. ಕಿವಿಕ್ಸ್ ಎಂಬ ಆಪ್ ಬಳಸಿ ವಿಕಿಪೀಡಿಯವನ್ನೇ ಇಳಿಸಿಕೊಂಡು ಓದಬಹುದು. ಕೊಲಿಬ್ರಿ ಎಂಬುದು ಪಾಠಗಳನ್ನು ಒಂದು ಕಂಪ್ಯೂಟರ್‌ಗೆ ತುಂಬಿಕೊಂಡು, ಇಂಟರ್ನೆಟ್ ಇಲ್ಲದೆಯೇ ಉಳಿದ ಸಾಧನಗಳಿಗೆ ಹಂಚುತ್ತದೆ.

ಗುರುಗ್ರಹದ ಸುತ್ತ ನಾಲ್ಕು ಚುಕ್ಕಿ

ಒಂದೇ ಒಂದು ಚಟುವಟಿಕೆ ಮಾಡಲು ಸಮಯ ಇದೆ ಎಂದರೆ ಇದನ್ನು ಮಾಡಿ. ಸ್ಟೆಲೇರಿಯಂ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಯಾವ ಊರಿನ, ಯಾವ ದಿನದ ಆಕಾಶವನ್ನಾದರೂ ನೋಡಬಹುದು. ಊರು ಇಟಲಿಯ ಪಾಡುವಾ, ದಿನಾಂಕ 1610ರ ಜನವರಿ 7, ಹೊತ್ತು ಸಂಜೆ ಕಳೆದ ಮೇಲೆ. ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಗುರುಗ್ರಹದ ಪಕ್ಕ ಮೂರು ಸಣ್ಣ ‘ನಕ್ಷತ್ರ’ ಕಂಡ ರಾತ್ರಿ ಅದು. ನಾಲ್ಕನೆಯದು ಅವನಿಗೆ ಕಂಡದ್ದು ಜನವರಿ 13ರಂದು. ಅವು ನಕ್ಷತ್ರಗಳಲ್ಲ, ಗುರುಗ್ರಹದ ಸುತ್ತ ತಿರುಗುವ ಚಂದ್ರರು.

ಹೆಸರುಗಳು ಕಾಣದಂತೆ ಮಾಡಿ, ಗುರುಗ್ರಹವನ್ನು ದೊಡ್ಡದು ಮಾಡಿ. ಮಕ್ಕಳು ಪುಸ್ತಕದಲ್ಲಿ ನಡುವೆ ಒಂದು ವೃತ್ತ, ಅಕ್ಕಪಕ್ಕ ಕಂಡ ಚುಕ್ಕಿಗಳನ್ನು ಬರೆಯಲಿ. ನಾಳೆ ಈ ಚುಕ್ಕಿಗಳು ಎಲ್ಲಿರುತ್ತವೆ? ಊಹೆ ಬರೆದ ಮೇಲೆ ಒಂದು ದಿನ ಮುಂದೆ ಹೋಗಿ. ಊಹೆ ಕೆಡುತ್ತದೆ. ಇನ್ನೊಂದು ದಿನ. ಮತ್ತೂ ಕೆಡುತ್ತದೆ. ಕೆಲವು ದಿನ ಒಂದು ಚುಕ್ಕಿ ಮಾಯವೇ ಆಗುತ್ತದೆ. ‘ಹಿಂದೆ ಹೋಗಿದೆ!’ ಎಂದು ಯಾರೋ ಕೂಗುವ ತನಕ ನೀವು ಬಾಯಿ ಬಿಡಬೇಡಿ.

ಆಮೇಲೆ ಗಂಟೆ ಗಂಟೆಗೆ ಮುಂದೆ ಸರಿಸಿ, ಒಂದೊಂದು ಚುಕ್ಕಿ ಮೊದಲಿನ ಜಾಗಕ್ಕೆ ಬರಲು ಎಷ್ಟು ದಿನ ಬೇಕು ಎಂದು ಗುಂಪು ಗುಂಪಾಗಿ ಎಣಿಸಲಿ. ಎಣಿಕೆ ಸರಿಯಾಗಿದ್ದರೆ ಅಯೋಗೆ 1.77 ದಿನ, ಯೂರೋಪಾಗೆ 3.55, ಗ್ಯಾನಿಮೀಡ್‌ಗೆ 7.15, ಕ್ಯಾಲಿಸ್ಟೋಗೆ 16.69 ಬರಬೇಕು. ಮೊದಲ ಮೂರು ಅಂಕಿಗಳನ್ನು ಬೋರ್ಡ್ ಮೇಲೆ ಒಂದರ ಕೆಳಗೆ ಒಂದು ಬರೆದು ಸ್ವಲ್ಪ ಹೊತ್ತು ಹಾಗೇ ಬಿಡಿ. ಒಂದರ ಎರಡರಷ್ಟು ಇನ್ನೊಂದು, ಅದರ ಎರಡರಷ್ಟು ಮತ್ತೊಂದು ಎಂದು ಮಕ್ಕಳೇ ಕಾಣುತ್ತಾರೆ. ಗುರುಗ್ರಹ ರಾತ್ರಿಯ ಆಕಾಶದಲ್ಲಿ ಇರುವ ತಿಂಗಳಾದರೆ, ಅಲುಗದಂತೆ ಹಿಡಿದ ಸಾಧಾರಣ ಬೈನಾಕ್ಯುಲರ್‌ನಲ್ಲೂ ಆ ಚುಕ್ಕಿಗಳು ಕಾಣುತ್ತವೆ. ಆ ರಾತ್ರಿಯ ಊಹೆಯನ್ನು ಮಕ್ಕಳು ಹಗಲೇ ಬರೆದುಕೊಂಡು ಬರಲಿ.