ಅಸಿಮೋವ್ ಅವರ ಫೌಂಡೇಶನ್ ಸರಣಿ: ಯಾವ ಪುಸ್ತಕದ ನಂತರ ಯಾವುದನ್ನು ಓದಬೇಕು?

ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ ಅವರ ಫೌಂಡೇಶನ್ ಸರಣಿಯನ್ನು ಓದಬೇಕೆಂದು ಹೊರಟವರು ಪುಸ್ತಕ ತೆರೆಯುವ ಮೊದಲೇ ಒಂದು ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ. ಫೌಂಡೇಶನ್ ಎಂಬ ಹೆಸರು ಹೊತ್ತ ಪುಸ್ತಕಗಳು ಏಳು. ಆ ಕಥೆಗೆ ಸಾವಿರಾರು ವರ್ಷ ಮುಂಚಿನ ಕಾಲದಲ್ಲಿ ನಡೆಯುವ, ಎಂಪೈರ್ ಕಾದಂಬರಿಗಳೆಂದು ಕರೆಯಲಾಗುವ ಪುಸ್ತಕಗಳು ಮೂರು. ಅದಕ್ಕೂ ಹಿಂದಿನ ಕಾಲದ ರೋಬೋಟ್ ಕಾದಂಬರಿಗಳು ನಾಲ್ಕು. ಇವೆಲ್ಲಕ್ಕೂ ಮೊದಲು ನಡೆಯುವ ರೋಬೋಟ್ ಸಣ್ಣಕಥೆಗಳ ಸಂಕಲನ ಒಂದು. ಹೀಗೆ ಒಟ್ಟು ಹದಿನೈದು ಪುಸ್ತಕಗಳಾಗುತ್ತವೆ. ಇವುಗಳಲ್ಲಿ ಕಥೆಯೊಳಗಿನ ಕಾಲಕ್ಕೂ ಬರೆದ ಕಾಲಕ್ಕೂ ತಾಳೆಯೇ ಇಲ್ಲ. 1988ರಲ್ಲಿ ಬಂದ ಪುಸ್ತಕದ ಕಥೆ 1951ರ ಪುಸ್ತಕದ ಕಥೆಗಿಂತ ಹಿಂದಿನದು. 1950ರಲ್ಲಿ ಬಂದ ಎರಡು ಪುಸ್ತಕಗಳ ಕಥೆಗಳ ನಡುವೆ ಸಾವಿರಾರು ವರ್ಷಗಳ ಅಂತರವಿದೆ.

ಈ ಟಿಪ್ಪಣಿಯಲ್ಲಿ ನಾನು ಹೇಳಹೊರಟಿರುವುದು ಇಷ್ಟು: ಈ ಸರಣಿಯಲ್ಲಿ ನೆನಪಿಡಬೇಕಾದ ಗಡಿ 1982ನೇ ಇಸವಿ. ಅದಕ್ಕೂ ಮೊದಲು ಪ್ರಕಟವಾದ ಪುಸ್ತಕಗಳ ಗುಂಪುಗಳನ್ನು ಯಾವ ಸರದಿಯಲ್ಲಿ ಓದಿದರೂ ನಷ್ಟವಿಲ್ಲ; ಆ ವರ್ಷದಿಂದ ಮುಂದೆ ಪ್ರಕಟವಾದವುಗಳ ಸರದಿಯನ್ನು ಮಾತ್ರ ತಪ್ಪಿಸಬಾರದು. ಕಥೆಯ ಗುಟ್ಟುಗಳನ್ನು ಬಿಟ್ಟುಕೊಡದೆ ಇದಕ್ಕೆ ಕಾರಣ ಹೇಳಲು ಯತ್ನಿಸುತ್ತೇನೆ.

ಮೂರು ಬೇರೆ ಬೇರೆ ಹೊಳೆಗಳು

1941ರ ಆಗಸ್ಟ್ 1ರಂದು ಅಸಿಮೋವ್ ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ 'ಅಸ್ಟೌಂಡಿಂಗ್' ಪತ್ರಿಕೆಯ ಸಂಪಾದಕ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಅವರ ಕಚೇರಿಗೆ ಹೋಗುತ್ತಿದ್ದರು. ಸಂಪಾದಕರಿಗೆ ಒಪ್ಪಿಸಲು ಕಥೆಯ ಎಳೆಯೊಂದೂ ಕೈಯಲ್ಲಿರಲಿಲ್ಲ. ಜೊತೆಗಿದ್ದ ಗಿಲ್ಬರ್ಟ್ ಮತ್ತು ಸಲಿವನ್ ಅವರ ಗೀತನಾಟಕಗಳ ಪುಸ್ತಕವನ್ನು ಸುಮ್ಮನೆ ತೆರೆದಾಗ, ಕಾವಲುಗಾರನ ಮುಂದೆ ಮಂಡಿಯೂರಿದ ಯಕ್ಷಿಣಿ ರಾಣಿಯ ಚಿತ್ರ ಕಣ್ಣಿಗೆ ಬಿತ್ತು. ಕಾವಲುಗಾರನಿಂದ ಸೈನಿಕರಿಗೆ, ಸೈನಿಕರಿಂದ ಸಾಮ್ರಾಜ್ಯಕ್ಕೆ ಯೋಚನೆ ಹರಿಯಿತು. ರೋಮನ್ ಸಾಮ್ರಾಜ್ಯದ ಪತನದ ಬಗ್ಗೆ ಗಿಬ್ಬನ್ ಬರೆದ ಇತಿಹಾಸವನ್ನು ಅವರು ಮೊದಲೇ ಓದಿದ್ದರು. ನಕ್ಷತ್ರಲೋಕದ ಒಂದು ಸಾಮ್ರಾಜ್ಯ ಕುಸಿಯುತ್ತಿದೆ. ಮುಂದೆ ಬರಲಿರುವ ಮೂವತ್ತು ಸಾವಿರ ವರ್ಷಗಳ ಅಂಧಕಾರವನ್ನು ಒಂದು ಸಾವಿರ ವರ್ಷಕ್ಕೆ ಇಳಿಸಲು ಹರಿ ಸೆಲ್ಡನ್ ಎಂಬ ಗಣಿತಜ್ಞ ಯೋಜನೆ ಹಾಕುತ್ತಾನೆ; ಅದಕ್ಕಾಗಿ ಅವನು ನೆಲೆಗೊಳಿಸುವ ಸಂಸ್ಥೆಯೇ ಫೌಂಡೇಶನ್. ಮೂಲ ಕಲ್ಪನೆ ಇದು.

1942ರ ಮೇ ತಿಂಗಳಿಂದ 1950ರ ಜನವರಿಯವರೆಗೆ ಈ ಎಳೆಯ ಎಂಟು ಕಥೆಗಳು ಅದೇ ಪತ್ರಿಕೆಯಲ್ಲಿ ಬಂದವು. ಅವೇ 1951, 1952 ಮತ್ತು 1953ರಲ್ಲಿ 'ಫೌಂಡೇಶನ್', 'ಫೌಂಡೇಶನ್ ಅಂಡ್ ಎಂಪೈರ್', 'ಸೆಕೆಂಡ್ ಫೌಂಡೇಶನ್' ಎಂಬ ಮೂರು ಪುಸ್ತಕಗಳಾದವು. ಅಂದರೆ ನಾವು ಕಾದಂಬರಿಗಳೆಂದು ಕೈಗೆತ್ತಿಕೊಳ್ಳುವ ಇವು ನಿಜಕ್ಕೂ ನೀಳ್ಗತೆಗಳ ಗೊಂಚಲುಗಳು. ಮೊದಲ ಪುಸ್ತಕದಲ್ಲಿ ಇಷ್ಟಪಟ್ಟ ಪಾತ್ರ ನಲವತ್ತು ಪುಟಗಳಲ್ಲಿ ಕಾಣೆಯಾಗಿ, ಮುಂದಿನ ಭಾಗದಲ್ಲಿ ಅವನ ಹೆಸರು ಬರೀ ಇತಿಹಾಸವಾಗಿ ಉಳಿದಿರುವುದನ್ನು ಕಂಡು ಕೈಬಿಡುವವರು ಅನೇಕರಿದ್ದಾರೆ. ಈ ಹಂಚಿಕೆ ಮೊದಲೇ ಗೊತ್ತಿದ್ದರೆ ಆ ನಿರಾಸೆ ಆಗುವುದಿಲ್ಲ.

ಓದಿನ ಕ್ರಮದ ಪ್ರಶ್ನೆ ಈ ಮೊದಲ ಪುಸ್ತಕದ ಹೊಟ್ಟೆಯಲ್ಲೇ ಅಡಗಿದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 'ಫೌಂಡೇಶನ್' ಪುಸ್ತಕದಲ್ಲಿ ಐದು ಭಾಗಗಳಿವೆ. ಗಾಲ್ ಡಾರ್ನಿಕ್ ಎಂಬ ತರುಣ ರಾಜಧಾನಿ ಗ್ರಹವಾದ ಟ್ರಾಂಟರ್‌ಗೆ ಬಂದಿಳಿಯುವ ಮೊದಲ ಭಾಗ 1942ರ ಪತ್ರಿಕೆಯಲ್ಲಿ ಇರಲೇ ಇಲ್ಲ; ಅಸಿಮೋವ್ ಅದನ್ನು 1951ರ ಪುಸ್ತಕಕ್ಕಾಗಿ ಹೊಸದಾಗಿ ಬರೆದು ಮುಂದಕ್ಕೆ ಜೋಡಿಸಿದರು. ಪತ್ರಿಕೆಯ ಓದುಗರ ಪಾಲಿಗೆ ನಿಜವಾದ ಕಥೆ ಆರಂಭವಾದದ್ದು ಇಂದು ಎರಡನೆಯ ಭಾಗವೆನಿಸಿರುವ, ಟರ್ಮಿನಸ್ ಎಂಬ ಗಡಿಯಂಚಿನ ಗ್ರಹದಲ್ಲಿ. ಇನ್ನೊಂದು ವಿಷಯವಿದೆ. ನಾಲ್ಕನೆಯ ಭಾಗ ಪತ್ರಿಕೆಯಲ್ಲಿ 1944ರ ಅಕ್ಟೋಬರಿನಲ್ಲಿ ಬಂದದ್ದು, ಐದನೆಯ ಭಾಗ ಅದೇ ವರ್ಷದ ಆಗಸ್ಟಿನಲ್ಲೇ ಬಂದಿತ್ತು. ಪುಸ್ತಕ ಮಾಡುವಾಗ ಕಥಾಕಾಲಕ್ಕೆ ತಕ್ಕಂತೆ ಅವುಗಳನ್ನು ಅದಲುಬದಲು ಮಾಡಲಾಗಿದೆ. ಹಾಗಾಗಿ 'ಪ್ರಕಟಣೆಯ ಕ್ರಮವೇ ಶುದ್ಧ' ಎಂದು ಹಟ ಹಿಡಿಯುವವರೂ ಲೇಖಕರೇ ಕಲಸಿದ ಕ್ರಮವನ್ನು ಓದುತ್ತಿರುತ್ತಾರೆ. ಅಷ್ಟೇ ಏಕೆ, ಭಾಗಗಳ ತಲೆಯ ಮೇಲಿರುವ 'ಎನ್‌ಸೈಕ್ಲೊಪೀಡಿಯಾ ಗ್ಯಾಲಾಕ್ಟಿಕಾ' ಎಂಬ ಕಾಲ್ಪನಿಕ ವಿಶ್ವಕೋಶದ ಉದ್ಧರಣೆಗಳನ್ನು ಗಮನಿಸಿ: ಅವು ಫೌಂಡೇಶನ್ ಶಕೆ 1020ರಲ್ಲಿ ಟರ್ಮಿನಸ್‌ನಲ್ಲಿ ಅಚ್ಚಾದ 116ನೇ ಆವೃತ್ತಿಯಿಂದ ತೆಗೆದವು ಎಂಬ ಅಡಿಟಿಪ್ಪಣಿ ಪುಸ್ತಕದ ಆರಂಭದಲ್ಲೇ ಇದೆ. ಸಾವಿರ ವರ್ಷದ ಯೋಜನೆ ಮುಗಿದ ಮೇಲೂ ಆ ಗ್ರಹದಲ್ಲಿ ಅಚ್ಚುಕೂಟ ನಡೆಯುತ್ತಿತ್ತೆಂದು ಲೇಖಕರು ಮೊದಲ ಪುಟಗಳಲ್ಲೇ ಹೇಳಿಬಿಟ್ಟಿದ್ದಾರೆ!

ಎರಡನೆಯ ಹೊಳೆ ರೋಬೋಟ್‌ಗಳದು. 1940ರಿಂದ ಪತ್ರಿಕೆಗಳಲ್ಲಿ ಬಂದ ಒಂಬತ್ತು ಕಥೆಗಳನ್ನು, ರೋಬೋಟ್ ಮನಶ್ಶಾಸ್ತ್ರಜ್ಞೆ ಸೂಸನ್ ಕ್ಯಾಲ್ವಿನ್ ಅವರ ಸಂದರ್ಶನವೆಂಬ ದಾರದಲ್ಲಿ ಪೋಣಿಸಿದ ಸಂಕಲನ 'ಐ, ರೋಬೋಟ್' 1950ರಲ್ಲಿ ಬಂತು. ಬಳಿಕ ಪತ್ತೇದಾರ ಎಲೈಜಾ ಬೇಲಿ ಮತ್ತು ಅವನ ರೋಬೋಟ್ ಜೊತೆಗಾರ ಆರ್. ಡೇನೀಲ್ ಒಲಿವಾ ಇರುವ 'ದ ಕೇವ್ಸ್ ಆಫ್ ಸ್ಟೀಲ್' 1954ರಲ್ಲಿ, 'ದ ನೇಕೆಡ್ ಸನ್' 1957ರಲ್ಲಿ ಬಂದವು. ಮೂರನೆಯ ಹೊಳೆಯಾದ ಎಂಪೈರ್ ಕಾದಂಬರಿಗಳು 1950ರಿಂದ 1952ರೊಳಗೆ ಬಂದವು: 'ಪೆಬಲ್ ಇನ್ ದ ಸ್ಕೈ', 'ದ ಸ್ಟಾರ್ಸ್, ಲೈಕ್ ಡಸ್ಟ್', 'ದ ಕರೆಂಟ್ಸ್ ಆಫ್ ಸ್ಪೇಸ್'. ಈ ಮೂರಕ್ಕೆ ಪರಸ್ಪರ ಪಾತ್ರಗಳ ನಂಟಿಲ್ಲ. ಯಾವುದನ್ನು ಮೊದಲು ಓದಿದರೂ ನಡೆಯುತ್ತದೆ. ಒಂದನ್ನು ಮಾತ್ರ ಓದುವುದಾದರೆ 'ಪೆಬಲ್ ಇನ್ ದ ಸ್ಕೈ' ಓದಿ, ಉಳಿದೆರಡನ್ನು ಬಿಡುವು ಸಿಕ್ಕಾಗ ನೋಡಬಹುದು.

ಅಂದಿಗೆ ಇವು ಒಂದೇ ಲೋಕದ ಕಥೆಗಳೆಂಬ ಯೋಜನೆ ಇರಲಿಲ್ಲ. ಎಂಪೈರ್ ಕಾದಂಬರಿಗಳಲ್ಲಿ ಟ್ರಾಂಟರ್‌ನ ಹೆಸರು ಅಲ್ಲಲ್ಲಿ ಬರುವುದು ಬಿಟ್ಟರೆ, ಫೌಂಡೇಶನ್ ಕಥೆಗಳಲ್ಲಿ ರೋಬೋಟ್‌ಗಳ ಸುಳಿವೇ ಇಲ್ಲ. ಆದ್ದರಿಂದ 1957ರವರೆಗಿನ ಈ ಒಂಬತ್ತು ಪುಸ್ತಕಗಳಲ್ಲಿ ಯಾವ ಗುಂಪಿನಿಂದ ಬೇಕಾದರೂ ಹೊರಡಬಹುದು. ಗುಂಪಿನೊಳಗಿನ ಕ್ರಮವನ್ನು ಕಾಪಾಡಿಕೊಂಡರೆ ಸಾಕು. ಪತ್ತೇದಾರಿ ಕಥೆಯ ರುಚಿ ಇರುವವರಿಗೆ ರೋಬೋಟ್‌ಗಳಿಂದ, ಇತಿಹಾಸ ಮತ್ತು ರಾಜಕೀಯದ ರುಚಿ ಇರುವವರಿಗೆ ಫೌಂಡೇಶನ್‌ನಿಂದ ಹೊರಡಿ ಎಂದು ನಾನು ಹೇಳುತ್ತೇನೆ.

1982ರ ಸಂಗಮ

ಫೌಂಡೇಶನ್ ಕಥೆಗಳನ್ನು ಅಸಿಮೋವ್ 1950ರಲ್ಲಿ ನಿಲ್ಲಿಸಿದ್ದಕ್ಕೆ ಒಂದು ಕಾರಣ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಪ್ರತಿ ಹೊಸ ಕಥೆಯಲ್ಲೂ, ಹಿಂದಿನವನ್ನು ಓದದ ಪತ್ರಿಕೆಯ ಓದುಗನಿಗಾಗಿ ಅದುವರೆಗಿನ ಕಥಾಸಾರವನ್ನು ಎಲ್ಲಾದರೂ ತೂರಿಸಬೇಕಾಗಿತ್ತು. ಕಥೆಗಳು ಹೆಚ್ಚಿದಂತೆ ಆ ಹೊರೆಯೂ ಹೆಚ್ಚಿ ಅವರಿಗೆ ಸಾಕಾಗಿಹೋಗಿತ್ತು. ಮೂರು ದಶಕಗಳ ನಂತರ ಪ್ರಕಾಶಕರು ಪಟ್ಟು ಹಿಡಿದಾಗ ಅವರು ತಮ್ಮದೇ ಮೂರು ಪುಸ್ತಕಗಳನ್ನು ಮತ್ತೆ ಓದಿದರು; ಏನಾದರೂ ನಡೆದೀತೆಂದು ಕಾದರೂ ಎಲ್ಲ ಕಡೆ ಬರೀ ಮಾತುಕತೆಯೇ ಕಂಡಿತೆಂದು ಅವರೇ ತಮಾಷೆಯಾಗಿ ಬರೆದಿದ್ದಾರೆ. ಹೀಗೆ ಹುಟ್ಟಿದ್ದು 1982ರ 'ಫೌಂಡೇಶನ್ಸ್ ಎಡ್ಜ್'. ಅದರ ಹಿಂದೆಯೇ 1983ರಲ್ಲಿ 'ದ ರೋಬೋಟ್ಸ್ ಆಫ್ ಡಾನ್', 1985ರಲ್ಲಿ 'ರೋಬೋಟ್ಸ್ ಅಂಡ್ ಎಂಪೈರ್', 1986ರಲ್ಲಿ 'ಫೌಂಡೇಶನ್ ಅಂಡ್ ಅರ್ಥ್' ಬಂದವು. ಒಂದು ಸಲ ಇತ್ತ, ಒಂದು ಸಲ ಅತ್ತ ಹೊಲಿಗೆ ಹಾಕುತ್ತ ಮೂರು ಹೊಳೆಗಳನ್ನೂ ಒಂದುಗೂಡಿಸುವ ಕೆಲಸ ಈ ನಾಲ್ಕರಲ್ಲಿ ನಡೆದಿದೆ. ಇವನ್ನು ಬರೆಯುವಾಗ ಲೇಖಕರ ಕಣ್ಣ ಮುಂದಿದ್ದ ಓದುಗನು ಹಳೆಯ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದವನು.

ಇದಕ್ಕೆ ಸೊಲೇರಿಯಾ ಗ್ರಹವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 'ದ ನೇಕೆಡ್ ಸನ್' ನಡೆಯುವುದು ಅಲ್ಲಿ. ಇಡೀ ಗ್ರಹಕ್ಕೆ ಮನುಷ್ಯರು ಇಪ್ಪತ್ತು ಸಾವಿರ, ರೋಬೋಟ್‌ಗಳು ಇಪ್ಪತ್ತು ಕೋಟಿ. ತಲೆಗೆ ಹತ್ತು ಸಾವಿರ ಆಳುಗಳು. ಒಬ್ಬರನ್ನೊಬ್ಬರು ಎದುರಾಬದುರಾಗಿ ಕಾಣುವುದೇ ಅಲ್ಲಿನವರಿಗೆ ಹೇಸಿಗೆ. ಮಾತೆಲ್ಲ ದೂರದಿಂದ, ಮೂರು ಆಯಾಮದ ಬಿಂಬಗಳ ಮೂಲಕ. 'ಫೌಂಡೇಶನ್ ಅಂಡ್ ಅರ್ಥ್'ನಲ್ಲಿ ಭೂಮಿಯನ್ನು ಹುಡುಕುತ್ತ ಹೊರಟವರು ಸುಮಾರು ಇಪ್ಪತ್ತು ಸಾವಿರ ವರ್ಷಗಳ ನಂತರ ಇದೇ ಗ್ರಹದಲ್ಲಿ ಇಳಿಯುತ್ತಾರೆ. ಅಲ್ಲಿ ಅವರು ಏನನ್ನು ಕಾಣುತ್ತಾರೆಂದು ಬರೆಯುವುದಿಲ್ಲ. ಹಳೆಯ ಪುಸ್ತಕ ಓದಿದವರಿಗೆ ಆ ದೃಶ್ಯ, ಅಂದು ಕಂಡ ಚಾಳಿಯೊಂದು ಎಲ್ಲಿಗೆ ಬಂದು ಮುಟ್ಟಿತೆಂಬ ನಡುಕವನ್ನು ಕೊಡುತ್ತದೆ. ಓದದವರಿಗೆ ಅದು ದಾರಿಯಲ್ಲಿ ಸಿಕ್ಕ ಇನ್ನೊಂದು ವಿಚಿತ್ರ ಗ್ರಹ, ಅಷ್ಟೆ. 'ದ ರೋಬೋಟ್ಸ್ ಆಫ್ ಡಾನ್' ನಡೆಯುವ ಅರೋರಾ ಗ್ರಹಕ್ಕೂ ಇದೇ ಮಾತು ಸಲ್ಲುತ್ತದೆ.

ಭೂಮಿಯ ವಿಕಿರಣದ ವಿಷಯದಲ್ಲಿ ಕ್ರಮದ ಬೆಲೆ ಬೇರೆ ರೀತಿಯಲ್ಲಿ ಕಾಣುತ್ತದೆ. 'ಪೆಬಲ್ ಇನ್ ದ ಸ್ಕೈ'ನಲ್ಲಿ, ಷಿಕಾಗೋದ ನಿವೃತ್ತ ದರ್ಜಿ ಜೋಸೆಫ್ ಶ್ವಾರ್ಟ್ಸ್ ಒಂದು ಹೆಜ್ಜೆ ಎತ್ತಿ ಇಡುವಷ್ಟರಲ್ಲಿ ಗ್ಯಾಲಾಕ್ಟಿಕ್ ಶಕೆ 827ಕ್ಕೆ ಬಂದುಬಿಟ್ಟಿರುತ್ತಾನೆ. ಆ ಹೊತ್ತಿಗೆ ಭೂಮಿ ಸಾಮ್ರಾಜ್ಯದ ಮೂಲೆಯ ಬಡ ಗ್ರಹ. ನೆಲದ ಬಹುಭಾಗ ವಿಕಿರಣದಿಂದ ಕೆಟ್ಟಿದೆ. ಇರುವ ಅನ್ನ ಸಾಲದೆ, ಅರವತ್ತು ದಾಟಿದವರು ಬದುಕುವಂತಿಲ್ಲ ಎಂಬ ಕಟ್ಟಳೆ ಇದೆ. 1950ರ ಓದುಗರು ಈ ವಿಕಿರಣಕ್ಕೆ ಅಣುಯುದ್ಧವೇ ಕಾರಣವೆಂದು ಸಹಜವಾಗಿ ಊಹಿಸಿದರು. ಹಿರೋಷಿಮಾ ನಡೆದು ಐದೇ ವರ್ಷವಾಗಿತ್ತು. 1985ರ 'ರೋಬೋಟ್ಸ್ ಅಂಡ್ ಎಂಪೈರ್' ಬೇರೊಂದು ಕಾರಣವನ್ನು ಕೊಡುತ್ತದೆ. ಹಳೆಯದನ್ನು ಮೊದಲು ಓದಿದವರು ಈ ಹೊಸ ಉತ್ತರವನ್ನು ಮೂವತ್ತೈದು ವರ್ಷ ಬಾಕಿಯಿದ್ದ ಪ್ರಶ್ನೆಯೊಂದರ ಇತ್ಯರ್ಥವಾಗಿ ಸ್ವೀಕರಿಸುತ್ತಾರೆ. ಹೊಸದನ್ನು ಮೊದಲು ಓದಿದವರಿಗೆ ಹಳೆಯ ಪುಸ್ತಕದ ಭೂಮಿಯ ಇತಿಹಾಸ ತಾಳೆಯಾಗದ ಲೆಕ್ಕದಂತೆ ಕಾಡುತ್ತದೆ.

ಲೇಖಕರೇ ಕೊಟ್ಟ ಪಟ್ಟಿ

1988ರ 'ಪ್ರಿಲ್ಯೂಡ್ ಟು ಫೌಂಡೇಶನ್' ಪುಸ್ತಕದ ಮುನ್ನುಡಿಯಲ್ಲಿ ಅಸಿಮೋವ್ ಅಲ್ಲಿಯವರೆಗಿನ ಹದಿನಾಲ್ಕು ಪುಸ್ತಕಗಳನ್ನು ಕಥಾಕಾಲದ ಪ್ರಕಾರ ಜೋಡಿಸಿ ಕೊಟ್ಟಿದ್ದಾರೆ. ಕಥಾಕಾಲದ ಕ್ರಮವನ್ನು ಬೆಂಬಲಿಸುವವರು ತೋರಿಸುವ ದೊಡ್ಡ ಆಧಾರ ಇದೇ. ಅದನ್ನು ಕಣ್ಣು ಮುಚ್ಚಿ ಪಾಲಿಸುವ ಮುನ್ನ ಎರಡು ವಿಷಯ ಗಮನಿಸಬೇಕು. ಅದರಲ್ಲಿ 'ದ ಕರೆಂಟ್ಸ್ ಆಫ್ ಸ್ಪೇಸ್' ಮೊದಲು, 'ದ ಸ್ಟಾರ್ಸ್, ಲೈಕ್ ಡಸ್ಟ್' ನಂತರ ಬಂದಿವೆ. ಕಥೆಯೊಳಗಿನ ಸಾಕ್ಷ್ಯ ನೋಡಿದರೆ ಇದು ತಿರುವುಮುರುವಾಗಿರಬೇಕು, ಏಕೆಂದರೆ ಮೊದಲನೆಯದರಲ್ಲಿ ಟ್ರಾಂಟರ್ ಆಗಲೇ ಅರ್ಧ ಗ್ಯಾಲಕ್ಸಿಯ ಒಡೆಯನಾಗಿದ್ದರೆ, ಎರಡನೆಯದರಲ್ಲಿ ಅದರ ಪ್ರಸ್ತಾಪವೇ ಇಲ್ಲ. ಜೊತೆಗೆ, ಪಟ್ಟಿಯ ತಲೆಯಲ್ಲಿರುವುದು 'ಐ, ರೋಬೋಟ್' ಅಲ್ಲ, 31 ಕಥೆಗಳ 'ದ ಕಂಪ್ಲೀಟ್ ರೋಬೋಟ್' ಎಂಬ 1982ರ ಸಂಕಲನ. ಸೂಸನ್ ಕ್ಯಾಲ್ವಿನ್ ಸಂದರ್ಶನದ ಚೌಕಟ್ಟು ಅದರಲ್ಲಿಲ್ಲ. ಬದಲಿಗೆ 1972ರ 'ಮಿರರ್ ಇಮೇಜ್' ಇದೆ. ಅದು ಬೇಲಿ ಮತ್ತು ಡೇನೀಲ್ ಅವರ ಕಥೆ, 'ದ ನೇಕೆಡ್ ಸನ್' ಆದ ಮೇಲಿನದು. ಪಟ್ಟಿಯನ್ನು ಅಕ್ಷರಶಃ ಪಾಲಿಸಿದವರು ಇವರಿಬ್ಬರ ಮೊದಲ ಭೇಟಿಗೂ ಮುನ್ನವೇ ಅವರನ್ನು ಹಳೆಯ ಸ್ನೇಹಿತರಾಗಿ ಕಾಣುತ್ತಾರೆ. ನನ್ನ ಸಲಹೆ: ಮೊದಲು 'ಐ, ರೋಬೋಟ್' ಓದಿ, ದೊಡ್ಡ ಸಂಕಲನವನ್ನು ಆಮೇಲೆ ಇಟ್ಟುಕೊಳ್ಳಿ.

ಅಸಿಮೋವ್ ಅವರ ಪಟ್ಟಿಯನ್ನೇ ನಂಬಿ, ಫೌಂಡೇಶನ್ ಪುಸ್ತಕಗಳಲ್ಲಿ ನಾನು ಮೊದಲು ಕೈಗೆತ್ತಿಕೊಂಡದ್ದು ಆ 'ಪ್ರಿಲ್ಯೂಡ್' ಅನ್ನೇ. ಟ್ರಾಂಟರ್‌ನಲ್ಲಿ ತಲೆಮರೆಸಿಕೊಂಡು ಓಡಾಡುವ ತರುಣ ಸೆಲ್ಡನ್‌ನ ಕಥೆ ಸರಾಗವಾಗಿ ಓದಿಸಿಕೊಂಡಿತು. ಆದರೆ ಕೊನೆಯಲ್ಲಿ ಒಬ್ಬ ಪಾತ್ರದ ನಿಜವಾದ ಗುರುತು ಬಯಲಾದಾಗ ಆ ಹೆಸರು ನನ್ನಲ್ಲಿ ಯಾವ ಅಲೆಯನ್ನೂ ಎಬ್ಬಿಸಲಿಲ್ಲ. ಆ ಹೆಸರನ್ನು ಅದಕ್ಕೂ ಮೊದಲು ನಾನು ಕೇಳಿಯೇ ಇರಲಿಲ್ಲ. ಕೆಟ್ಟದ್ದು ಅದೊಂದೇ ಅಲ್ಲ. 'ಫೌಂಡೇಶನ್ ಅಂಡ್ ಅರ್ಥ್'ನ ಕೊನೆಯ ಅಧ್ಯಾಯದವರೆಗೆ ಲೇಖಕರು ಅಡಗಿಸಿಟ್ಟದ್ದೂ ಅಲ್ಲಿಗೇ ಕೈತಪ್ಪಿತು. ಗಮಕ ಕೇಳಲು ಕೂತವರಿಗೆ ದುರ್ಯೋಧನನ ತೊಡೆ ಮುರಿಯುವುದು ಮೊದಲೇ ಗೊತ್ತಿರುವುದಿಲ್ಲವೇ, ಗೊತ್ತಿದ್ದರೆ ರಸಕ್ಕೆ ಕೊರತೆಯೇನು ಎಂದು ಕೇಳಬಹುದು. ಕುಮಾರವ್ಯಾಸನ ವಿಷಯದಲ್ಲಿ ಅದು ನಿಜ. ಅಲ್ಲಿ ನಾವು ಕೇಳಲು ಬರುವುದು ಹೇಳುವ ಬಗೆಯನ್ನು. ಅಸಿಮೋವ್ ಅವರದು ಅಲಂಕಾರವಿಲ್ಲದ ನೇರ ಗದ್ಯ. ಅವರ ಕಸುಬೆಲ್ಲ ಒಗಟನ್ನು ಕಟ್ಟಿ ಬಿಚ್ಚುವುದರಲ್ಲಿದೆ. ಉತ್ತರ ಮೊದಲೇ ಸಿಕ್ಕಿದರೆ ಉಳಿಯುವುದು ಬಹಳ ಕಡಿಮೆ. ಇದೇ ಕಾರಣಕ್ಕೆ 'ಫೌಂಡೇಶನ್ ಅಂಡ್ ಎಂಪೈರ್'ನ ಎರಡನೆಯ ಭಾಗವನ್ನು ಮುಗಿಸುವವರೆಗೆ, ಆ ಪುಸ್ತಕದ ಬಗ್ಗೆ ಯಾರು ಬರೆದ ಪರಿಚಯವನ್ನೂ ಓದಬೇಡಿ.

ಇಷ್ಟರ ಮೇಲೆ ನಾನು ಹೇಳುವ ಸರದಿ ಇದು: 'ಐ, ರೋಬೋಟ್' ಮತ್ತು ಬೇಲಿಯ ಮೊದಲ ಎರಡು ಕಾದಂಬರಿಗಳು, ನಂತರ ಫೌಂಡೇಶನ್‌ನ ಮೊದಲ ಮೂರು, ಅಥವಾ ಇವೆರಡು ಗುಂಪುಗಳು ಹಿಂದುಮುಂದಾಗಿ, ನಡುವೆ ಎಲ್ಲಾದರೂ 'ಪೆಬಲ್ ಇನ್ ದ ಸ್ಕೈ', ಅಲ್ಲಿಂದ 'ಫೌಂಡೇಶನ್ಸ್ ಎಡ್ಜ್', 'ದ ರೋಬೋಟ್ಸ್ ಆಫ್ ಡಾನ್', 'ರೋಬೋಟ್ಸ್ ಅಂಡ್ ಎಂಪೈರ್', 'ಫೌಂಡೇಶನ್ ಅಂಡ್ ಅರ್ಥ್' ಎಂಬ ನಾಲ್ಕನ್ನು ಪ್ರಕಟವಾದ ಸರದಿಯಲ್ಲೇ. ಇದರಲ್ಲಿ ಒಂದು ಅನನುಕೂಲವಿದೆ: 'ಫೌಂಡೇಶನ್ ಅಂಡ್ ಅರ್ಥ್' ಆರಂಭವಾಗುವುದು 'ಫೌಂಡೇಶನ್ಸ್ ಎಡ್ಜ್' ನಿಲ್ಲಿಸಿದ ಜಾಗದಿಂದ, ಆದರೆ ನಡುವೆ ಎರಡು ದಪ್ಪ ರೋಬೋಟ್ ಕಾದಂಬರಿಗಳು ಅಡ್ಡ ಬರುತ್ತವೆ. ಆ ವಿರಾಮವನ್ನು ಸಹಿಸಿಕೊಳ್ಳುವುದೇ ಮೇಲೆಂದು ನನ್ನ ಅನುಭವ. ಬೇರೆ ಲೇಖಕರಾದ ಬೆನ್‌ಫರ್ಡ್, ಬೇರ್ ಮತ್ತು ಬ್ರಿನ್ 1997ರಿಂದ 1999ರವರೆಗೆ ಬರೆದ ಮೂರು ಪುಸ್ತಕಗಳನ್ನು ಇವೆಲ್ಲ ಮುಗಿದ ಮೇಲೆ, ಬೇಕೆನಿಸಿದರೆ ಓದಬಹುದು.

ಕೊನೆಗೆ ಉಳಿಯುವುದು ಪೂರ್ವಕಥೆಗಳೆರಡು: 1988ರ 'ಪ್ರಿಲ್ಯೂಡ್' ಮತ್ತು, 1992ರ ಏಪ್ರಿಲ್‌ನಲ್ಲಿ ಅಸಿಮೋವ್ ತೀರಿಕೊಂಡ ಮೇಲೆ 1993ರಲ್ಲಿ ಬಂದ 'ಫಾರ್ವರ್ಡ್ ದ ಫೌಂಡೇಶನ್'. ಎರಡನೆಯದು ಸೆಲ್ಡನ್‌ನ ನಡುವಯಸ್ಸಿನಿಂದ ಮುಪ್ಪಿನವರೆಗಿನ ಕಥೆ. ಆಪ್ತರು ಒಬ್ಬೊಬ್ಬರಾಗಿ ದೂರವಾಗುತ್ತ, ಕೆಲಸ ಮಾತ್ರ ಮುಂದುವರಿಯುವ ಆ ಪುಟಗಳನ್ನು ಬರೆಯುವಾಗ ಲೇಖಕರೂ ಕಾಯಿಲೆ ಬಿದ್ದಿದ್ದರು. ಅದನ್ನು ಮುಚ್ಚಿಟ್ಟ ದಿನವೇ ಮೊದಲ ಪುಸ್ತಕವನ್ನು ಮತ್ತೆ ತೆಗೆದು, 1951ರಲ್ಲಿ ಸೇರಿಸಿದ ಆ ಆರಂಭದ ಭಾಗವೊಂದನ್ನು ಓದಿ. ನಾನೂರು ಕೋಟಿಯ ಹತ್ತು ಪಟ್ಟು ಜನ ತುಂಬಿದ ಟ್ರಾಂಟರ್‌ಗೆ ಹಳ್ಳಿಯ ಹುಡುಗನಂತೆ ಬಂದಿಳಿಯುವ ಗಾಲ್ ಡಾರ್ನಿಕ್, ತನ್ನ ಕೋಣೆಯಲ್ಲಿ ಕಾದು ಕೂತಿರುವ ಮುದುಕನನ್ನು ಮೊದಲ ಬಾರಿಗೆ ನೋಡುತ್ತಾನೆ. ಆ ಮುದುಕ ಯಾರನ್ನೆಲ್ಲ ಕಳೆದುಕೊಂಡು ಅಲ್ಲಿಗೆ ಬಂದಿದ್ದಾನೆಂಬುದು ಈ ಸಲ ಗಾಲ್‌ಗೆ ತಿಳಿದಿರುವುದಿಲ್ಲ, ನಮಗೆ ತಿಳಿದಿರುತ್ತದೆ.