ಆಕ್ಟಿನಿಕ್: ಹವಳದ ತೊಟ್ಟಿಯ ನೀಲಿ ದೀಪಕ್ಕೆ ಈ ಹೆಸರೇಕೆ?

ಶಾರ್ಜಾದಲ್ಲಿರುವ ನನ್ನ ಚಿಕ್ಕಪ್ಪನ ಮಗನ ಮನೆಯ ಹಜಾರದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದಿದೆ. ಮಧ್ಯಾಹ್ನ ಬಿಳಿ ದೀಪದ ಕೆಳಗೆ ನೋಡಿದಾಗ ಅದರೊಳಗಿನ ಒಂದು ಹವಳ ಹುರಿದ ಕಾಫಿಬೀಜದ ಬಣ್ಣಕ್ಕಿತ್ತು. ಸಂಜೆ ಬಿಳಿ ದೀಪ ಆರಿ ನೀಲಿಯೊಂದೇ ಉಳಿದಾಗ ಅದೇ ಹವಳ ಬಾಳೆಯ ಸುಳಿಯಂತೆ ಎಳೆಹಸಿರಾಗಿ ಹೊಳೆಯಿತು. ಪಕ್ಕದಲ್ಲಿ ನಿಂತಿದ್ದ ನನ್ನ ಬಿಳಿ ಅಂಗಿಯೂ ಹೊಳೆಯಿತು, ಅದು ಸೋಪಿನ ಪುಡಿಯ ಮಹಿಮೆ. ದೀಪದ ಡಬ್ಬಿಗಳಲ್ಲಿ ಒಂದರ ಮೇಲೆ ‘14000 ಕೆ’ ಎಂದೂ ಇನ್ನೊಂದರ ಮೇಲೆ ‘ಆಕ್ಟಿನಿಕ್ 420’ ಎಂದೂ ಬರೆದಿತ್ತು. ಎರಡನೆಯದು ಅರ್ಥವಾಗಲಿಲ್ಲ. ಮೊದಲನೆಯದು ಗೊತ್ತಿದೆ ಎಂದುಕೊಂಡಿದ್ದೆ, ಅದೂ ತಪ್ಪಾಗಿತ್ತು.

ಗ್ರೀಕ್ ಭಾಷೆಯಲ್ಲಿ ‘ಆಕ್ಟಿಸ್’ ಎಂದರೆ ಕಿರಣ. ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಾಹಕರು ರಾಸಾಯನಿಕ ಬದಲಾವಣೆ ಮಾಡಬಲ್ಲ ಬೆಳಕನ್ನು ಆಕ್ಟಿನಿಕ್ ಎಂದು ಕರೆದರು. ಅವರ ಗಾಜಿನ ಫಲಕಗಳು ನೀಲಿ ಮತ್ತು ನೇರಳೆ ಬೆಳಕಿಗೆ ತಕ್ಷಣ ಕಪ್ಪಾಗುತ್ತಿದ್ದವು, ಕೆಂಪು ಬೆಳಕಿಗೆ ಜಗ್ಗುತ್ತಿರಲಿಲ್ಲ. ಹಳೆಯ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಕೆಂಪು ಬಲ್ಬು ಉರಿಯುತ್ತಿದ್ದದ್ದು ಇದೇ ಕಾರಣಕ್ಕೆ. ಹಾಗಾಗಿ ಆಕ್ಟಿನಿಕ್ ಎನ್ನುವುದು ಬಣ್ಣದ ಹೆಸರಲ್ಲ, ಬೆಳಕು ಮಾಡುವ ಕೆಲಸದ ಹೆಸರು. ಕಾಮಾಲೆಯಾದ ಹಸುಗೂಸುಗಳನ್ನು ಆಸ್ಪತ್ರೆಯಲ್ಲಿ ಮಲಗಿಸುವ ನೀಲಿ ದೀಪವೂ ಈ ಲೆಕ್ಕದಲ್ಲಿ ಆಕ್ಟಿನಿಕ್ ದೀಪವೇ: ಸುಮಾರು 460 ನ್ಯಾನೋಮೀಟರ್ ಅಲೆಯುದ್ದದ (ಬೆಳಕಿನ ಬಣ್ಣವನ್ನು ಗುರುತಿಸುವ ಅಳತೆಯಿದು) ಬೆಳಕು ಮಗುವಿನ ಚರ್ಮದಲ್ಲಿರುವ, ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ನಿನ ಅಣುವನ್ನು ಬದಲಿಸುತ್ತದೆ. ಒಂದು ತಮಾಷೆಯೂ ಇದೆ. ಹವಳದ ದಾಯಾದಿಯಾದ ಕಡಲ ಹೂವಿನ (ಸೀ ಅನಿಮೋನ್) ಒಂದು ಕುಲದ ಹೆಸರು ಆಕ್ಟಿನಿಯಾ. ಎಸಳುಗಳು ಕಿರಣದಂತೆ ಹರಡಿಕೊಂಡಿರುವುದರಿಂದ ಬಂದ ಹೆಸರದು, ದೀಪಕ್ಕೂ ಅದಕ್ಕೂ ಸಂಬಂಧವಿಲ್ಲ. ಅಕ್ವೇರಿಯಂ ಅಂಗಡಿಗಳಲ್ಲಿ ಮಾತ್ರ ಈ ಪದ ಸವೆದು, 420 ನ್ಯಾನೋಮೀಟರಿನ ನೇರಳೆ ಛಾಯೆಯ ಟ್ಯೂಬಿನಿಂದ ಹಿಡಿದು ಕಂಡಕಂಡ ನೀಲಿ ದೀಪಕ್ಕೆಲ್ಲ ಅಂಟಿಕೊಂಡಿದೆ.

ಹವಳಕ್ಕೆ ನೀಲಿಯೇ ಏಕೆ? ನೀರು ಕೆಂಪನ್ನು ಮೊದಲು ನುಂಗುತ್ತದೆ. ತಿಳಿಯಾದ ಕಡಲಿನಲ್ಲಿ ಅತಿ ಆಳಕ್ಕೆ ಇಳಿಯುವುದು ನೀಲಿ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಂಥ ಕಡೆ ಸ್ಕೂಬಾ ಇಳಿದವರಿಗೆ ಇದು ಗೊತ್ತು: ಮೇಲೆ ಕೆಂಪಗಿದ್ದ ವಸ್ತು ಹತ್ತಿಪ್ಪತ್ತು ಮೀಟರ್ ಕೆಳಗೆ ಮಂಕು ಕಂದಾಗಿ ಕಾಣುತ್ತದೆ, ಟಾರ್ಚ್ ಹಾಕಿದರೆ ಕೆಂಪು ಮರಳುತ್ತದೆ. ಹವಳದ ಮೈಯೊಳಗೆ ಒಕ್ಕಲಿರುವ ಸೂಕ್ಷ್ಮ ಪಾಚಿ ಈ ನೀಲಿಗೆ ಒಗ್ಗಿಕೊಂಡಿದೆ. ಬೆಳಕಿನಿಂದ ಆಹಾರ ತಯಾರಿಸಿ ಅದರ ದೊಡ್ಡ ಪಾಲನ್ನು ಗೇಣಿಯಂತೆ ಹವಳಕ್ಕೆ ಅಳೆಯುತ್ತದೆ. ನಾನು ಕಂಡ ಎಳೆಹಸಿರು ಮಾತ್ರ ಪಾಚಿಯದಲ್ಲ. ಹವಳದ ಸ್ವಂತ ಪ್ರೋಟೀನುಗಳು ನೀಲಿಯನ್ನು ಹೀರಿ ಹಸಿರನ್ನೋ ಕೆಂಪನ್ನೋ ಉಗುಳುತ್ತವೆ. ಬಿಳಿ ಬೆಳಕಿನ ಅಬ್ಬರದಲ್ಲಿ ಆ ಹೊಳಪು ಮುಳುಗಿಹೋಗುತ್ತದೆ.

ಅಜ್ಜಿಯ ಸರದಲ್ಲಿದ್ದ ಕೆಂಪು ಹವಳದ ಕತೆ ಬೇರೆ. ಒಡವೆಗೆ ಹೆಸರಾದ ಮೆಡಿಟರೇನಿಯನ್ ಕಡಲಿನ ಆ ಜಾತಿಯಲ್ಲಿ ಪಾಚಿಯೇ ಇಲ್ಲ. ಅದು ಮಬ್ಬುಗತ್ತಲ ಬಂಡೆ ಸಂದುಗಳಲ್ಲಿ ಬೆಳೆಯುತ್ತದೆ, ಯಾವ ದೀಪದ ಹಂಗೂ ಅದಕ್ಕಿಲ್ಲ.

ಇನ್ನು ‘ಕೆ’, ಅಂದರೆ ಕೆಲ್ವಿನ್. ಕುಲುಮೆಯಲ್ಲಿ ಕಬ್ಬಿಣ ಕಾದಂತೆ ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳುಪು. ಇನ್ನೂ ಕಾಯಿಸಲು ಸಾಧ್ಯವಿದ್ದರೆ ನೀಲಿ. ಆ ಶಾಖದ ಅಳತೆಯನ್ನೇ ಬೆಳಕಿನ ಛಾಯೆಗೆ ಹೆಸರಾಗಿಟ್ಟಿದ್ದಾರೆ. 2700 ಎಂದರೆ ಹಳೆಯ ಬುರುಡೆ ಬಲ್ಬಿನ ಹಳದಿ, 6500 ಹಗಲಿನ ಬಿಳುಪು, 10000 ನೀಲಿ ಬೆರೆತ ಬಿಳುಪು, 20000 ಕಡುನೀಲಿ. ಹೆಚ್ಚು ಕೆಲ್ವಿನ್ ಎಂದರೆ ಹೆಚ್ಚು ಬೆಳಕು ಎಂದು ನಾನು ನಂಬಿದ್ದೆ, ಅದು ಹಾಗಲ್ಲ. ದೀಪ ನಮ್ಮ ಕಣ್ಣಿಗೆ ಯಾವ ಛಾಯೆಯಲ್ಲಿ ಕಾಣುತ್ತದೆ ಎಂಬುದಷ್ಟೇ ಅದರ ಅರ್ಥ. ಒಂದೇ ಅಂಕಿಯ ಎರಡು ದೀಪಗಳ ಒಳಗಿನ ಬಣ್ಣಗಳ ಪಾಲು ಬೇರೆಬೇರೆ ಇರಬಹುದು. ಹವಳಕ್ಕೆ ಸಿಗುವ ಬೆಳಕನ್ನು ಅಳೆಯಲು ‘ಪಾರ್’ ಎಂಬ ಬೇರೆ ಅಳತೆಯಿದೆ. 400ರಿಂದ 700 ನ್ಯಾನೋಮೀಟರಿನ ನಡುವಿನ ಬೆಳಕಿನ ಕಣಗಳನ್ನು ಅದು ಎಣಿಸುತ್ತದೆ.

ಎಡವಟ್ಟಾಗುವುದು ಇಲ್ಲಿಯೇ. ನಮ್ಮ ಕಣ್ಣು ಹಸಿರು-ಹಳದಿಗೆ ಚುರುಕು, ನೀಲಿ-ನೇರಳೆಗೆ ಮಂದ. ನೀಲಿ ದೀಪ ಮಂಕಾಗಿ ಕಂಡಿತೆಂದು ಶಾರ್ಜಾದ ನನ್ನ ಈ ತಮ್ಮ ಮೊದಲ ವಾರದಲ್ಲೇ ಎಲ್‌ಇಡಿಯನ್ನು ಪೂರ್ತಿ ಏರಿಸಿದ. ಅವನ ಕಣ್ಣಿಗೆ ಹಿತವಾಗಿದ್ದದ್ದು ಹವಳಕ್ಕೆ ಏಪ್ರಿಲ್ ಬಿಸಿಲಾಯಿತು. ಒಂದು ಕೊಂಬೆ ಪಾಚಿಯನ್ನು ಹೊರಹಾಕಿ ಸುಣ್ಣದಂತೆ ಬೆಳ್ಳಗಾಯಿತು. ಹೊಸ ದೀಪವನ್ನು ಕಡಿಮೆಯಲ್ಲಿ ಹಚ್ಚಿ, ವಾರಗಟ್ಟಲೆ ಸಮಯ ಕೊಟ್ಟು ಸ್ವಲ್ಪಸ್ವಲ್ಪವೇ ಏರಿಸಬೇಕು.

ಆಯ್ಕೆಯ ವಿಷಯಕ್ಕೆ ಬಂದರೆ, 6500ರ ದೀಪದ ಕೆಳಗೂ ಹವಳ ಚೆನ್ನಾಗಿಯೇ ಬೆಳೆಯುತ್ತದೆ, ಆದರೆ ತೊಟ್ಟಿ ಹಳದಿಯಾಗಿ, ಹವಳ ಕಂದಾಗಿ ಕಾಣುತ್ತದೆ. 20000 ಹಾಕಿದರೆ ಹಜಾರ ಆರ್ಕೆಸ್ಟ್ರಾ ವೇದಿಕೆಯಾಗುತ್ತದೆ, ಮೀನುಗಳ ಕೆಂಪು ಹಳದಿಗಳೆಲ್ಲ ಸಪ್ಪೆ. ನನ್ನ ಮಟ್ಟಿಗೆ 10000ದ ಬಿಳಿಯೂ ಒಂದು ಆಕ್ಟಿನಿಕ್ಕೂ ಬೇರೆಬೇರೆ ಸ್ವಿಚ್ಚಿನಲ್ಲಿರುವುದು ಮೇಲು. ನೀಲಿ ಬೆಳಕು ಹವಳಕ್ಕೆ, ಬಿಳಿ ಬಹುಮಟ್ಟಿಗೆ ನಮಗೆ. ಟ್ಯೂಬಾದರೆ ವರ್ಷಕ್ಕೊಮ್ಮೆ ಬದಲಿಸಬೇಕು, ಉರಿಯುತ್ತಿದ್ದರೂ ಅದರ ಕಸುವು ಇಳಿದಿರುತ್ತದೆ.

ಊರಿಗೆ ಬಂದಾಗ ಅವನು ಇಲ್ಲಿಯೂ ಒಂದು ತೊಟ್ಟಿ ಇಡೋಣ, ಹವಳ ನಮ್ಮ ಕಡಲಿನಲ್ಲೇ ಇದೆಯಲ್ಲ ಎಂದ. ಇದೆ ನಿಜ. ಆದರೆ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ಕಿತ್ತು ತಂದರೆ ಜೈಲು. ಕೊನೆಗೆ ಇಬ್ಬರೂ ನೇತ್ರಾಣಿಯ ದೋಣಿಗೆ ಹೆಸರು ಬರೆಸಿದೆವು, ಟಾರ್ಚ್ ಅವನದು.